ಗೋಡೆಯ ಮೇಲಿಂದ ಬಂದ ಮಾತು

ಇಲ್ಲದ ದನಿ ಕಿವಿಗೆ ಬೀಳುವುದು ಒಂದು ಕಾಯಿಲೆ. ದೆವ್ವವಲ್ಲ, ಶಾಪವಲ್ಲ, ಕೊಬ್ಬಂತೂ ಅಲ್ಲವೇ ಅಲ್ಲ. ಇಷ್ಟು ನಿಮಗೆ ಈ ಹೊತ್ತಿಗೆ ಗೊತ್ತಿರಬೇಕಿತ್ತು. ಕ್ಯೆಬಾಂಡೊದ ಜನಕ್ಕೂ ಗೊತ್ತಿರಬೇಕಿತ್ತು.

ಕಂಪಾಲ ಪಟ್ಟಣದ ಆ ಇಳಿಜಾರಿನ ಬಡಾವಣೆಯಲ್ಲಿ ಬಾಡಿಗೆ ಕೋಣೆಗಳನ್ನು ಸಾಲಾಗಿ ಕಟ್ಟುತ್ತಾರೆ. ಮಾಲೀಕರಿಗೆ ಇಟ್ಟಿಗೆ ಉಳಿಸುವ ಆಸೆ, ಹಾಗಾಗಿ ನಡುಗೋಡೆ ಮೇಲಿನ ತಗಡನ್ನು ಮುಟ್ಟುವುದೇ ಇಲ್ಲ. ಆ ಸಂದಿಯಲ್ಲಿ ಹೊಗೆ, ಕೆಮ್ಮು, ಜಗಳ, ಪ್ರಾರ್ಥನೆ ಎಲ್ಲವೂ ಆ ಕಡೆಯಿಂದ ಈ ಕಡೆಗೆ ಓಡಾಡುತ್ತವೆ. ಉಪ್ಪು ಬೇಕಾದರೆ ಯಾರೂ ಎದ್ದು ಹೋಗುವುದಿಲ್ಲ. ಮಲಗಿದಲ್ಲಿಂದಲೇ ಕೂಗುತ್ತಾರೆ, ಗೋಡೆಯ ಮೇಲಿಂದ ಪೊಟ್ಟಣ ಬಂದು ಬೀಳುತ್ತದೆ. ಪಕ್ಕದ ಗಂಡ ಹೆಂಡಿರು ರಾತ್ರಿಯೆಲ್ಲ ಕಿತ್ತಾಡಿದ್ದರೂ ಬೆಳಿಗ್ಗೆ ನಲ್ಲಿಯ ಹತ್ತಿರ ಏನೂ ಕೇಳಿಸದವರಂತೆ ಮುಖ ತೊಳೆಯುವುದು ಆ ಸಾಲುಗಳ ಮರ್ಯಾದೆ.

ಅಪೊಲೊಟ್ ಅಂಥದೊಂದು ಸಾಲಿಗೆ ದೂರದ ಟೇಸೊ ಸೀಮೆಯಿಂದ ಬಂದವಳು. ಗಂಡ ಸತ್ತದ್ದೇ ತಡ, ಮೈದುನರು ಅವಳನ್ನು ಬಡಿದು ಹೊಲದಿಂದ ಅಟ್ಟಿದರು. ಮಗಳು ತಮ್ಮ ಕುಲದವಳೆಂದು ಕಿತ್ತಿಟ್ಟುಕೊಂಡರು. ಪಟ್ಟಣದಲ್ಲಿ ಅವಳಿಗಿದ್ದವನು ತಮ್ಮ ಒಕಿರೊರ್ ಒಬ್ಬನೇ. ಬಾಡಿಗೆ ಮೋಟಾರುಬೈಕು ಓಡಿಸುತ್ತ, ತನ್ನಂಥ ಐದಾರು ಜನರೊಂದಿಗೆ ಒಂದೇ ಕೋಣೆಯಲ್ಲಿ ಕಾಲು ಮಡಚಿ ಮಲಗುವವನು. ಅಪೊಲೊಟ್ ಸಂತೆಯಲ್ಲಿ ಕಡಲೆಕಾಯಿ ಹುರಿದು, ರುಬ್ಬಿ ಮಾರುತ್ತಿದ್ದಳು. ಆ ಊರಿನ ಲುಗಾಂಡ ಮಾತು ಅವಳಿಗೆ ವ್ಯಾಪಾರಕ್ಕೆ ಸಾಕಾಗುವಷ್ಟೇ ಬರುತ್ತಿತ್ತು, ಕಷ್ಟ ಹೇಳಿಕೊಳ್ಳುವಷ್ಟು ಬರುತ್ತಿರಲಿಲ್ಲ. ಒಂದು ದಿನ ರಸ್ತೆ ಅಗಲ ಮಾಡುವವರು ಬಂದು ಅವಳ ರುಬ್ಬುವ ಯಂತ್ರವನ್ನೂ ಮಣೆಯನ್ನೂ ಲಾರಿಗೆ ಎಸೆದುಕೊಂಡು ಹೋದರು. ಕೆಲಸವಿಲ್ಲ, ಮಾತಿಗೆ ಜನವಿಲ್ಲ, ಕಣ್ಣಿಗೆ ನಿದ್ದೆಯಿಲ್ಲ. ಒಂದು ತಲೆ ಕೆಡುವುದಕ್ಕೆ ಇನ್ನೇನು ಬೇಕು? ಇದರ ಮೇಲೆ ಮಾಟಗಾರನೊಬ್ಬ ಬೇರೆ ಬರಬೇಕೇ?

ಅವಳಿಗೆ ಉಳಿದದ್ದು ಆ ಕೋಣೆ. ದೊಡ್ಡವಳಾದ ಮೇಲೆ ಮಗಳು ಹುಡುಕಿಕೊಂಡು ಬಂದರೆ ತಟ್ಟಲು ಒಂದು ಬಾಗಿಲಾದರೂ ಇರಲಿ ಎಂದು ತಮ್ಮ ಕೊಡುವ ಪುಡಿಗಾಸಿನಲ್ಲಿ ಅದನ್ನು ಹಲ್ಲು ಕಚ್ಚಿ ಉಳಿಸಿಕೊಂಡಿದ್ದಳು.

ಒಂದು ಮಧ್ಯಾಹ್ನ ಗೆಣಸು ಸುಲಿಯುತ್ತಿದ್ದಾಗ ಗೋಡೆಯ ಮೇಲಿಂದ ಗಂಡಸಿನ ದನಿ ಬಂತು. “ನೋಡೇ, ಗೆಣಸು ಸುಲೀತಾ ಕೂತವ್ಳೆ.”

ಹೆಂಗಸೊಬ್ಬಳು ನಕ್ಕಳು. “ಗಂಡನ್ನೇ ನುಂಗಿದೋಳಿಗೆ ಗೆಣಸು ಯಾವ ಮಹಾ!”

ಅಪೊಲೊಟ್‌ಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಮಾತು ಬರುವುದೇ ಗೋಡೆಯ ಮೇಲಿಂದ. “ನಿಮ್ಮಪ್ಪನ ಮನೆ ಗೆಣಸಲ್ಲ ಕಣ್ರೋ!” ಎಂದು ತಿರುಗಿ ಕೂಗಿದಳು.

ದನಿಗಳು ನಿಲ್ಲಲಿಲ್ಲ. ಅವಳು ನೀರು ಕುಡಿದರೆ ಕುಡಿದಳೆಂದವು, ಅತ್ತರೆ ಅತ್ತಳೆಂದವು. ಕೊನೆಗೆ ಅವಳು ಬಡಾವಣೆಯ ಛೇರ್ಮನ್ನರ ಮುಂದೆ ದೂರು ಒಯ್ದಳು. ಅವಳಿ ಮಕ್ಕಳ ತಂದೆಯಾದ್ದರಿಂದ ಊರೆಲ್ಲ ಅವರನ್ನು ಸಲೊಂಗೊ ಎಂದೇ ಕರೆಯುತ್ತಿತ್ತು. ಪಕ್ಕದ ಕೋಣೆಯ ನಲುಮಾನ್ಸಿಯನ್ನೂ ಅವಳ ಗಂಡನನ್ನೂ ಕರೆಸಿದರು.

“ಏನಮ್ಮ ನಲುಮಾನ್ಸಿ, ಗಂಡನ್ನ ತಿಂದೋಳು ಅಂತ ಅಂದ್ಯಂತೆ, ಹೌದಾ?”

ನಲುಮಾನ್ಸಿಯ ಮುಖ ಇಳಿಯಿತು. ನಲ್ಲಿಯ ಹತ್ತಿರ ಆಕೆ ಹೆಂಗಸರ ಮುಂದೆ ಹೆಚ್ಚುಕಡಿಮೆ ಅದೇ ಮಾತಾಡಿದ್ದಳು. ಅದು ಹೇಗೋ ಅಪೊಲೊಟ್‌ಗೆ ಮುಟ್ಟಿದೆ ಎಂದುಕೊಂಡಳು. “ಬಾಯಿ ತಪ್ಪಿ ಬಂತು ಸಲೊಂಗೊ...”

“ಇವಳ ಬಾಯಿ ಯಾವತ್ತು ತಪ್ಪದೆ ಇದ್ದದ್ದು?” ಎಂದು ಯಾರೋ ಹಿಂದಿನಿಂದ ಹೇಳಿದರು. ಸಾಲೆಲ್ಲ ಗೊಳ್ಳೆಂದು ನಕ್ಕಿತು.

ನಲುಮಾನ್ಸಿ ಅಲ್ಲಿಯ ಹೆಂಗಸರ ಪದ್ಧತಿಯಂತೆ ಮೊಣಕಾಲೂರಿ, ಸಕ್ಕರೆ ಸೋಪು ಕೊಟ್ಟು ಕ್ಷಮೆ ಕೇಳಿದಳು. ನ್ಯಾಯ ಮುಗಿಯಿತು. ಕಾಯಿಲೆಯ ದನಿಗಳಿಗೆ ಪಂಚಾಯಿತಿಯೇ ಮೊಹರು ಒತ್ತಿ ಕಳಿಸಿತು. ಅಷ್ಟು ಜನ ಹಿರಿಯರಲ್ಲಿ ಒಬ್ಬರಿಗಾದರೂ ಒಂದೇ ಒಂದು ಪ್ರಶ್ನೆ ಕೇಳಬೇಕೆನಿಸಲಿಲ್ಲ.

ಆ ಸಂಜೆಯೇ ದನಿಗಳು ಮತ್ತೆ ಬಂದವು. ಕ್ಷಮೆ ಕೇಳಿದ ಮೇಲೂ ಬೈಯುವವರ ಪಕ್ಕ ಇರಲಾರೆನೆಂದು ಅಪೊಲೊಟ್ ಚಾಪೆ ಸುತ್ತಿಕೊಂಡು ಅದೇ ಮಾಲೀಕಳ ಮೇಲಿನ ಸಾಲಿನ ಕೋಣೆಗೆ ಹೋದಳು. ಅಲ್ಲಿಗೂ ಅವು ಹಿಂದೆಯೇ ಬಂದವು. ಅಲ್ಲಿ ಪಕ್ಕದಲ್ಲಿದ್ದವರು ಕುಡಿದು ಬಂದು ಬೀಳುವ ಗಾರೆ ಕೆಲಸದ ಹುಡುಗರು. ಮೂರು ಹೊತ್ತೂ ಇವಳ ಬೈಗುಳ ಕೇಳಿ ಕೇಳಿ, ಒಂದು ದಿನ ಬಾಗಿಲು ಒದ್ದು ಒಳಗೆ ಬಂದು ಅವಳನ್ನು ಹೊಡೆದರು. ಯಾರೂ ಬಿಡಿಸಲಿಲ್ಲ.

ಸುದ್ದಿ ತಿಳಿದು ಒಕಿರೊರ್ ಓಡಿಬಂದ. ಅಕ್ಕನ ತುಟಿ ಒಡೆದಿತ್ತು. ಅವಳು ಬೆರಳೆತ್ತಿ ತಗಡಿನತ್ತ ತೋರಿಸಿದಳು. “ಕೇಳು. ಈಗ ನಿನ್ನ ವಿಷಯ ಆಡ್ತಾವ್ರೆ.”

ಅವನಿಗೆ ಯಾರದೋ ರೇಡಿಯೋ ಬಿಟ್ಟರೆ ಏನೂ ಕೇಳಿಸಲಿಲ್ಲ. “ಯಾವ ಭಾಷೇಲಿ ಆಡ್ತಾವ್ರೆ ಅಕ್ಕ?”

“ನಮ್ಮ ಭಾಷೇಲೇ. ಇನ್ಯಾವುದ್ರಲ್ಲಿ?”

ಒಕಿರೊರ್ ಮೆಲ್ಲಗೆ ಕೆಳಗೆ ಕೂತ. “ಅಕ್ಕ, ಈ ಸಾಲಲ್ಲಿ ನಮ್ಮ ಟೇಸೊ ಮಾತು ಬಲ್ಲೋರು ಯಾರವ್ರೆ? ಆ ನಲುಮಾನ್ಸಿಗೆ ಬರುತ್ತಾ?”

ಅಪೊಲೊಟ್ ಮತ್ತೆ ತಗಡಿನತ್ತ ಕಿವಿಗೊಟ್ಟಳು. ಆಮೇಲೆ ಮಗುವಿಗೆ ತಿಳಿಹೇಳುವಂತೆ ಹೇಳಿದಳು. “ಕಲ್ತವ್ರೆ ಕಣೋ. ನನ್ನ ಬೈಯೋಕೇ ಅಂತ ಕಲ್ತವ್ರೆ.”

ಒಕಿರೊರ್ ಮುಖ ಮುಚ್ಚಿಕೊಂಡ.

ಅಷ್ಟರಲ್ಲಿ ಮಾಲೀಕಳು ಬಾಗಿಲಿಗೆ ಬಂದಳು. ಅವಳ ಹಿಂದೆ ಪ್ರಾರ್ಥನಾ ಮನೆಯ ಇಬ್ಬರು ಗಂಡಸರು, ಒಬ್ಬನ ತೋಳಿನಲ್ಲಿ ಸುತ್ತಿದ ಹಗ್ಗ. “ನೋಡಪ್ಪ, ಪಾಸ್ಟರ್ ಹತ್ರ ಬಿಟ್ಟು ಬಾ. ದೆವ್ವ ಬಿಡೋವರ್ಗೂ ಅಲ್ಲೇ ಕಟ್ಟಿರ್ತಾರೆ. ನನ್ನ ಬಾಡಿಗೆದಾರರು ಹೆದರ್ಕೊಂಡವ್ರೆ.”

“ಹೆದರ್ಕೊಂಡವ್ರಾ? ಹೊಡೆದೋರು ಅವ್ರು, ಹೊಡೆಸ್ಕೊಂಡೋಳು ನಮ್ಮಕ್ಕ! ಹೆದರ್ಕೊಂಡಿದ್ದು ಅವ್ರಾ?”

“ಕಟ್ಬೇಡ್ರಪ್ಪ,” ಎಂದಳು ಅಪೊಲೊಟ್. ಅವಳ ಕಣ್ಣು ಹಗ್ಗದ ಮೇಲೇ ಇತ್ತು. “ಕರೆದ್ರೆ ನಾನೇ ಬರ್ತೀನಿ. ಎಲ್ಲಿಗೆ ಬೇಕಾದ್ರೂ ಬರ್ತೀನಿ.”

ಒಕಿರೊರ್ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ನೇರ ಆಸ್ಪತ್ರೆಗೆ ಹೋದ. ದಾರಿಯುದ್ದಕ್ಕೂ ಅವಳು ಅವನ ಬೆನ್ನಿಗೆ ಹಣೆ ಒತ್ತಿ ಕಿವಿ ಮುಚ್ಚಿಕೊಂಡಿದ್ದಳು. ಅಲ್ಲಿಯ ನರ್ಸ್ ಕೂಗಾಡಲಿಲ್ಲ, ನಗಲೂ ಇಲ್ಲ. ಎಲ್ಲವನ್ನೂ ಕೇಳಿಸಿಕೊಂಡು ಹೇಳಿದಳು: “ಮಾತ್ರೆ ನಾವು ಕೊಡ್ತೀವಿ. ನಿದ್ದೆ ಬೇಕು, ಊಟ ಬೇಕು, ಪಕ್ಕದಲ್ಲಿ ಒಬ್ಬ ಮನುಷ್ಯ ಬೇಕು. ಅದನ್ನ ನಾವು ಕೊಡಕ್ಕಾಗಲ್ಲ.”

ಅವಳನ್ನು ಅಲ್ಲೇ ಇರಿಸಿಕೊಂಡರು, ಮಾತ್ರೆ ಕೆಲಸ ಮಾಡಿತು. ಕೆಲವು ವಾರಗಳಲ್ಲಿ ದನಿಗಳು ದೂರದ ಸಂತೆಯ ಗದ್ದಲದಷ್ಟಾದವು. ಆಮೇಲೆ ಕೆಲವು ದಿನ ಅದೂ ಇರುತ್ತಿರಲಿಲ್ಲ. ಆಸ್ಪತ್ರೆಯಿಂದ ಮರಳಿದ ದಿನ ಅಪೊಲೊಟ್ ತಾನೇ ನಡೆದು ತನ್ನ ಆ ಮೇಲಿನ ಸಾಲಿಗೆ ಬಂದಳು. ಕೋಣೆಗೆ ಹೊಸ ಬೀಗ ಬಿದ್ದಿತ್ತು. ಚಾಪೆ, ಪಾತ್ರೆ ಎಲ್ಲ ಅಂಗಳದಲ್ಲಿದ್ದವು.

“ಈಗ ಹುಷಾರಾಗಿದೀನಿ ನ್ಯಾಬೊ,” ಎಂದು ಅಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವಂತೆ ಮಾಲೀಕಳನ್ನು ಕರೆದು ಹೇಳಿದಳು.

“ಹುಷಾರಾಗಿರೋರು ಮಾತ್ರೆ ಯಾಕಮ್ಮ ನುಂಗ್ತಾರೆ?” ಎಂದಳು ಮಾಲೀಕಳು.

ಈಗ ಅವಳು ಕೋಣೆ ಹುಡುಕುತ್ತಿದ್ದಾಳೆ. ಪ್ರತಿ ಸಾಲಿನಲ್ಲೂ ಒಂದೇ ಪ್ರಶ್ನೆ: ಮೊದಲಿನ ಕೋಣೆ ಯಾಕೆ ಬಿಟ್ಟೆ? ಸುಳ್ಳು ಹೇಳಲು ಬಾರದ ಅಪೊಲೊಟ್ ಇದ್ದದ್ದನ್ನು ಹೇಳುತ್ತಾಳೆ, ಬಾಗಿಲು ಮುಚ್ಚುತ್ತದೆ. ಸಂಜೆಯಾದರೆ ಒಕಿರೊರ್‌ನ ಗೆಳೆಯರು ಬರುವವರೆಗೆ ಅವರ ಹೊಸ್ತಿಲ ಮೇಲೆ ಕೂತಿರುತ್ತಾಳೆ, ಅವರು ಬಂದ ಮೇಲೆ ಚರ್ಚಿನ ಜಗುಲಿಗೆ ಹೋಗುತ್ತಾಳೆ. ಜಗುಲಿಯಲ್ಲಿ ನಿದ್ದೆಯಿಲ್ಲ. ನಿದ್ದೆಯಿಲ್ಲದ ತಲೆಗೆ ಮಾತ್ರೆ ಎಷ್ಟು ದಿನ ಕಾವಲಿರುತ್ತದೆ? ಆ ದನಿಗಳು ನಾಳೆ ಮರಳಿದರೆ “ನಾವು ಮೊದಲೇ ಹೇಳಿರಲಿಲ್ಲವೇ” ಎಂದು ತಲೆಯಾಡಿಸುವವರು ಬೀಗ ಹಾಕಿದ ಇದೇ ಜನ.

ಮರುಗುವುದು ಸಾಕು, ಮರುಕಕ್ಕೆ ಬಾಡಿಗೆ ಬೇಕಿಲ್ಲ. ನಿಮ್ಮಲ್ಲಿ ಖಾಲಿ ಕೋಣೆಯಿದ್ದು ಮಾತ್ರೆ ನುಂಗುವ ಹೆಂಗಸೊಬ್ಬಳು ಬಂದು ಬಾಗಿಲು ತಟ್ಟಿದರೆ, ಹಿಂದಿನದನ್ನು ಕೆದಕಬೇಡಿ. ಬೀಗದ ಕೈ ಅವಳ ಕೈಗೆ ಕೊಡಿ.