ಕಾಕು ಅಂಜದ ಟೈರು

ಢಂ ಎಂದು ಮುಂದಿನ ಟೈರು ಒಡೆದು, ಕಾಕಾನ ಕಾರು ರಸ್ತೆಯಿಂದಿಳಿದು ಖಾಲಿ ಎರೆಹೊಲದಲ್ಲಿ ಹೋಗಿ ನಿಂತಿತು. ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ, ಅಣ್ಣಿಗೇರಿ ಹತ್ತಿರ. ಯಾರಿಗೂ ಪೆಟ್ಟಾಗಲಿಲ್ಲ. ಮುಂದೆ ಕೂತಿದ್ದ ಅವನ ಹೆಂಡತಿ, ನಮ್ಮ ಕಾಕು, ಬಾಗಿಲು ತೆಗೆದು ಇಳಿದಳು. “ಇನ್ನ ಮ್ಯಾಲೆ ನಾ ಈ ಗಾಡ್ಯಾಗ ಕಾಲಿಡಾಂಗಿಲ್ಲ” ಎಂದವಳೇ ಬಸ್ಸು ಹತ್ತಿ ನವಲಗುಂದದ ನಮ್ಮ ಮನೆಗೆ ಹೋದಳು.

ಆ ವಿಲಾಯತಿ ಕಾರೆಂದರೆ ಕಾಕಾನಿಗೆ ಜೀವ. ಸ್ವಲ್ಪ ಕಾಲೊತ್ತಿದರೂ ಹಾರುತ್ತಿತ್ತು. ಮರುವಾರ ನನ್ನನ್ನು ಕರೆದುಕೊಂಡು ಹುಬ್ಬಳ್ಳಿಯ ಟೈರಂಗಡಿಗೆ ಹೋದ. ಇಂಥ ಗಾಡಿಗೆ ಒಪ್ಪುತ್ತದೆಂದು ಅಂಗಡಿಯವರು ನೋಡಲು ಚಂದವಾದ ಅಗಲ ಟೈರು ತೋರಿಸಿದರು. ಕಾಕಾ ಅದನ್ನು ಮುಟ್ಟಲೂ ಇಲ್ಲ. ತುಸು ನಾಚಿಕೊಂಡು ಕೇಳಿದ:

“ನಮ್ಮಾಕಿ ಅಂಜಲಾರದ ಕುಂಡ್ರೂವಂಥಾ ಟೈರ ಯಾವುದೈತ್ರಿ?”

ಅಂಗಡಿಯವರು ನಗಲಿಲ್ಲ. ಒಳಗಿಂದ ರೇಡಿಯಲ್ ಟೈರು ತರಿಸಿ, ಎಂಥ ಬಿಸಿಲಲ್ಲಿ ಜೋರಾಗಿ ಓಡಿಸಿದರೂ ಇದು ಬೇಗ ಕಾಯುವುದಿಲ್ಲ, ಬ್ರೇಕು ಒತ್ತಿದರೆ ನೆಲ ಬಿಡುವುದಿಲ್ಲ ಎಂದು ಬಿಡಿಸಿ ಹೇಳಿದರು. ಕಾಕಾ ನಾಲ್ಕೂ ಗಾಲಿಗೆ ಅದನ್ನೇ ಹಾಕಿಸಿದ.

ಕಾಕಾನ ಪ್ರಶ್ನೆಯನ್ನು ನಾನೇ ಮನೆಯಲ್ಲಿ ಹೇಳಿಬಿಟ್ಟೆ. ಮರುದಿನ ಕಾಕು ತಾನಾಗಿಯೇ ಬಂದು ಮುಂದಿನ ಸೀಟಿನಲ್ಲಿ ಕೂತಳು. ಕಾಕಾ ಮೆಲ್ಲಗೆ ಹೊರಟ. ಊರು ದಾಟಿದ ಮೇಲೆ ಕಾಕುವೇ, “ಎತ್ತಿನ ಗಾಡಿ ಹೊಡದಂಗ ಹೊಡ್ಯಾಕತ್ತೀರಲ್ರಿ, ಒಂಚೂರು ಜೋರ ಬಿಡ್ರಿ!” ಎಂದಳು. ಇಬ್ಬರೂ ನಕ್ಕುಬಿಟ್ಟರು. ಹಿಂದೆ ಕೂತಿದ್ದ ನಾನು ಕಿಟಕಿಯಾಚೆ ನೋಡತೊಡಗಿದೆ.

ಆಗಷ್ಟೇ ನನ್ನ ಮದುವೆ ನಿಶ್ಚಯವಾಗಿತ್ತು. ಹಿರಿಯರು ಹೇಳಿದ ಬುದ್ಧಿಮಾತುಗಳು ಒಂದೂ ನೆನಪಿಲ್ಲ. ಅವರಿಬ್ಬರ ಆ ನಗು ಮಾತ್ರ ಇನ್ನೂ ಕಿವಿಯಲ್ಲಿದೆ.