ಬಂಪರಿನ ಹಿಂದಿನ ದಿಮ್ಮಿ

ನಮ್ಮ ಸೋದರಮಾವನ ಸುದ್ದಿ ಯಾರರ ತಗದ್ರ ಇವತ್ತಿಗೂ ನನ್ನ ಮೈ ಉರೀತೈತಿ. ಮುದುಕ ಆದ್ಯಲ್ಲೋ, ಇನ್ನರ ಬಿಟ್ಟುಬಿಡು ಅಂತಾರ ಮಂದಿ. ಬಿಡಾಕ ಅದೇನು ಬೀಡಿ ಚಟಾ ಏನು?

ಎಂಬತ್ತರ ದಶಕದಾಗ ರಾಣೆಬೆನ್ನೂರಿನ ಹೈವೇ ಬಾಜೂಕ ಮಾವಂದು ಲಾರಿ ಬಾಡಿ ಕಟ್ಟೋ ಶೆಡ್ ಇತ್ತು. ಬರೇ ಚಾಸಿ ಬಂದು ನಿಲ್ಲತಿತ್ತು. ಕ್ಯಾಬಿನ್ನು, ಹಿಂದಿನ ಬಾಡಿ, ಎಲ್ಲಾ ನಾವ ಕಟ್ಟಿಗಿಲೆ ಕಟ್ಟತಿದ್ವಿ. ನಮ್ಮಪ್ಪ ಲಗೂನ ತೀರಿಕೊಂಡಿದ್ದ. ನನಗ ಉಳಿ ಹಿಡಿಯಾಕ ಕಲಿಸಿದಾಂವ ಮಾವನ, ನನಗೂ ನನ್ನ ತಮ್ಮಗೂ ಅನ್ನಾ ಹಾಕಿದಾಂವ ಮಾವನ. ಅವ ಹೇಳಿದ್ದ ವೇದ ಅಂತ ನಡಕೊಂಡಿದ್ದೆ.

ಬ್ಯಾರೆ ಶೆಡ್ಡಿನ್ಯಾಗ ಇಲ್ಲದ ಒಂದು ಕೆಲಸ ನಮ್ಮಲ್ಲಿತ್ತು. ಮುಂದಿನ ಕಬ್ಬಿಣದ ಬಂಪರಿಗೂ ಚಾಸಿಗೂ ನಡುವ ಮಾವ ಎಡಕ್ಕೊಂದು ಬಲಕ್ಕೊಂದು ಕಟ್ಟಿಗಿ ದಿಮ್ಮಿ ಕೂಡಸ್ತಿದ್ದ. ಮೊಳ ಉದ್ದದ್ದು, ಗಂಟಿಲ್ಲದ ಮತ್ತಿ ಕಟ್ಟಿಗಿ. ಅದರ ನಾರಿನ ಎಳಿ ರಸ್ತಾದ ಕಡೆ ಮುಖ ಮಾಡಿರಬೇಕು, ಅಡ್ಡ ಇರಬಾರದು. ನಾ ಹೊಸದಾಗಿ ಸೇರಿದಾಗ ಎರಡು ತುಂಡು ತಗೊಂಡು ದೊಡ್ಡ ಸುತ್ತಿಗಿಲೆ ಬಡದು ತೋರಿಸಿದ್ದ. ಎಳಿ ಅಡ್ಡ ಇದ್ದದ್ದು ಎರಡ ಏಟಿಗೆ ಸೀಳಿ ಹೋತು. ಎಳಿ ನೆಟ್ಟಗ ನಿಂತದ್ದು ಮಾತ್ರ ಬಡದಂಗ ಬಡದಂಗ ತಲಿ ಕಡೆ ಜಗಿದ ಬೇವಿನ ಕಡ್ಡಿ ಹಂಗ ಕುಚ್ಚು ಕುಚ್ಚಾತು, ಸೀಳಲಿಲ್ಲ. "ನೋಡಿದ್ಯಾ? ಗುದ್ದಿದ ಜೋರೆಲ್ಲಾ ಇದು ತಿಂತೈತಿ. ಕಬ್ಬಿಣ ತಿನ್ನಂಗಿಲ್ಲ, ಡ್ರೈವರನ ಮೈಮ್ಯಾಲ ದೂಡತೈತಿ" ಅಂದ.

ಒಮ್ಮೆ ನಾವು ಕಟ್ಟಿದ ಲಾರಿ ಒಂದು ಹಳ್ಳದ ಸೇತುವಿಗೆ ಗುದ್ದಿತ್ತು. ಡ್ರೈವರ್ ಮೂಗು ಒಡಕೊಂಡು ಇಳದಾಂವ, ಮರುದಿನ ತೆಂಗಿನಕಾಯಿ ತಂದು ಮಾವನ ಕಾಲಿಗೆ ಬಿದ್ದ. ಅಲ್ಲಿಂದ ಬ್ಯಾಡಗಿ ಮೆಣಸಿನಕಾಯಿ ಸಾವಕಾರ್ರು ನಮ್ಮ ಶೆಡ್ಡನ ಹುಡಿಕ್ಕೊಂಡು ಬರಾಕ ಹತ್ತಿದ್ರು.

ಅಂಥಾ ಒಬ್ಬ ಸಾವಕಾರನ ಹೊಸಾ ಲಾರಿಗೆ ನನ್ನ ತಮ್ಮ ಡ್ರೈವರ್ ಆದ. ಹಳೇ ಡಕೋಟಾ ಗಾಡಿ ಹೊಡದು ಹೊಡದು ಬ್ಯಾಸತ್ತಿದ್ದ; ಹೊಸಾದು ಕೈಗೆ ಬಂತಂದ್ರ ಕೇಳತೀರೇನು, ನೆಲದ ಮ್ಯಾಲ ಕಾಲ ಇರಲಿಲ್ಲ ಅವಂದು. ಅವನ ಲಾರಿಗಂತ ನಾನ ಒಂದು ಮತ್ತಿ ಬೊಡ್ಡಿ ಆರಿಸಿದೆ. ತುದಿಗೆ ಉಳಿಲೆ ಮೂರು ಗೀರು ಹಾಕಿ ನೆಳ್ಳಾಗ ಒಣಾಕ ಇಟ್ಟೆ. ಆದ್ರ ಕೆಲಸ ಮುಗಿಯೋ ಹೊತ್ತಿಗೆ ಹೆಂಡತಿ ಕಡೆಯವರ ಮದುವಿ ಅಂತ ಅಗಡಿಗೆ ಹೋಗಬೇಕಾತು. "ಹೋಗಿ ಬಾರೋ, ದಿಮ್ಮಿ ನಾ ಕೂಡಸ್ತೇನಿ" ಅಂದ ಮಾವ.

ಮೂರನೇ ದಿನ ಮುಂಜಾನೆ ತಿರುಗಿ ಬಂದ್ರ ಲಾರಿ ಪೂಜಿ ಆಗಿಹೋಗಿತ್ತು. ಬಂಪರಿಗೆ ಅರಿಷಿಣ ಕುಂಕುಮ, ಚೆಂಡುಹೂವಿನ ಮಾಲಿ. ತಮ್ಮ ಹೊಸಾ ಅಂಗಿ ಹಾಕ್ಕೊಂಡು ಗಾಲಿ ಕೆಳಗ ನಿಂಬಿಹಣ್ಣು ಇಡಾಕತ್ತಿದ್ದ. ನಾ ಸುಮ್ಮನ ಬಗ್ಗಿ ಬಂಪರಿನ ಸಂದ್ಯಾಗ ನೋಡಿದೆ. ಕೆಂಪು ಬಣ್ಣ ಬಳದಿದ್ರು, ಒಂದು ಮೂಲ್ಯಾಗ ಹತ್ತಿರಲಿಲ್ಲ. ಅಲ್ಲಿ ದಿಮ್ಮಿ ಎಲ್ಲೈತಿ? ಒಂದರ ಹಿಂದೊಂದು ಮೊಳಿ ಹೊಡದು ಜೋಡಿಸಿದ ಹಲಗಿ ತುಂಡು! ಎಳಿ ಅಡ್ಡ.

ಮಾವನ್ನ ಬಾಜೂಕ ಕರದು ಕೇಳಿದೆ.

"ಆ ಬೊಡ್ಡಿಗೆ ಹುಳಾ ಬಿದ್ದಿತ್ತೋ. ಇದೂ ಗಟ್ಟಿ ಐತಿ" ಅಂದ.

"ಬಿಚ್ಚಿ ಬ್ಯಾರೇದು ಹಾಕೂನು ಮಾವ. ಒಂದು ತಾಸಿನ ಕೆಲಸ."

"ಪೂಜಿ ಆದ ಗಾಡಿಗೆ ಉಳಿ ಹಚ್ಚತೀಯೇನಲೇ? ತಮ್ಮನ ಲಾರಿಗೆ ನೀನ ಅಪಶಕುನಾ ಮಾಡತೀ?"

ಅದು ನಮ್ಮ ಶೆಡ್ಡಿನ ಪದ್ಧತಿ. ಪೂಜಿ ಆದ ಮ್ಯಾಲ, ಗಾಡಿ ಮೊದಲನೇ ಲೋಡ್ ಇಳಿಸಿ ಬರೂತನಾ, ಬಡಿಗ ಅದಕ್ಕ ಉಳಿ ಸುತ್ತಿಗಿ ಮುಟ್ಟಸಬಾರದು. ಮುಟ್ಟಿಸಿದ್ರ ಓಡಸಾಂವಗ ಕೇಡು. ನಾನೂ ಅದನ್ನ ನಂಬಿದ್ದೆ. ಇದ್ದ ಬುದ್ಧಿ ಅಡಾ ಇಟ್ಟಾಂವನಂಗ ಬಾಯಿ ಮುಚ್ಚಿಕೊಂಡು ನಿಂತೆ.

ತಮ್ಮ ಸ್ಟೇರಿಂಗ್ ಮುಂದ ಕುಂತು ಖಿಡಕ್ಯಾಗಿಂದ ಕೇಳಿದ: "ಅಣ್ಣಾ, ದಿಮ್ಮಿ ಬರೋಬರಿ ಅದಾವಿಲ್ಲೋ?"

"ಅದಾವು, ಹುಷಾರ್ ಹೋಗು" ಅಂದೆ.

ಅವತ್ತ ತಮ್ಮ ಬ್ಯಾಡಗ್ಯಾಗ ಮೆಣಸಿನಕಾಯಿ ಚೀಲಾ ಹೇರಿಕೊಂಡು ಹಾವೇರಿ ಕಡೆ ಹೊಂಟಿದ್ದ. ನಡು ಮಧ್ಯಾಹ್ನ ಒಂದು ಚಕ್ಕಡಿ ಅಡ್ಡ ಬಂತು. ಅದನ್ನ ತಪ್ಪಸಾಕ ಹೋಗಿ ಹುಣಸಿ ಗಿಡಕ್ಕ ಗುದ್ದಿದ. ಬಂಪರು ಹಂಗ ಕ್ಯಾಬಿನ್ನಿನೊಳಗ ನುಗ್ಗಿತ್ತು. ಹುಬ್ಬಳ್ಳಿ ದವಾಖಾನ್ಯಾಗ ಅವನ ಬಲಗಾಲು ಮೊಣಕಾಲ ಕೆಳಗ ತಗದ್ರು. ಡ್ರೈವರಿಕಿ ಬಿಟ್ಟು ಬ್ಯಾರೆ ಏನೂ ಗೊತ್ತಿಲ್ಲದ ಹುಡುಗ.

ಕಾಲು ತಗದ ಮರುದಿನ ಲಾರಿ ನಿಲ್ಲಿಸಿದಲ್ಲಿಗೆ ಹೋದೆ. ಬಲಗಡೆ ಹಲಗಿ ಎಲ್ಲಾ ಒಲಿಗೆ ಸೀಳಿದಂಗ ಸೀಳಿ ಉದುರಿದ್ವು. ಕುಚ್ಚಾಗಿದ್ದು ಒಂದೂ ಇಲ್ಲ. ನೆಟ್ಟಗಿನ ದಿಮ್ಮಿ ಇದ್ದಿದ್ರ ಕಾಲು ಉಳೀತಿತ್ತೋ ಇಲ್ಲೋ, ನಾ ಆಣಿ ಮಾಡಿ ಹೇಳಲಾರೆ. ಆದ್ರ ಅದನ್ನ ಇಟ್ಟು ನೋಡಲಿಲ್ಲಲ್ಲ ಆ ಪುಣ್ಯಾತ್ಮ!

ಅಲ್ಲಿಂದ ಸೀದಾ ಕುಪ್ಪೇಲೂರಿಗೆ ಹೋದೆ. ಮಾವ ಅಲ್ಲಿ ಹೊಸಾ ಮನಿ ಕಟ್ಟಸಾಕತ್ತಿದ್ದ. ತಲಬಾಗಲಕ್ಕ ಕೂಡಿಸೋ ಹೊಸ್ತಿಲಾ ಕೆತ್ತಿ ಅಂಗಳದಾಗ ಇಟ್ಟಿದ್ರು. ತುದಿಗೆ ನನ್ನ ಮೂರು ಗೀರು ಹಂಗ ಇದ್ವು. ಹುಳಾ ಬಿದ್ದ ಬೊಡ್ಡಿಯಂತ! ಬೇಲಿನ ಎದ್ದು ಹೊಲಾ ಮೇಯ್ದ್ರ ಯಾರಿಗೆ ಹೇಳೂದು? ಬಾಯಿಗೆ ಬಂದಂಗ ಬೈದೆ. ಮಾವ ಅನ್ನೂದೂ ಮರತು ಏಕವಚನದಾಗ ಬೈದೆ. "ನಿನ್ನ ಕೈಯಾಗ ಉಳಿ ಹಿಡಿಯಾಕ ಕಲ್ತೆನಲ್ಲ, ಥೂ" ಅಂದೆ.

ಕಡೀಕ ಮಾವ ಒಂದ ಮಾತು ಅಂದ: "ಖರೇ, ನಾ ಮಾಡಿದ್ದು ತಪ್ಪು. ನೀ ಅಂತೂ ಕಣ್ಣಾರೆ ನೋಡಿದ್ದೆಲ್ಲೋ. ನೋಡಿ ಯಾಕ ಕಳಿಸಿದಿ?"

ಮರುದಿನ ದವಾಖಾನಿಗೆ ಹೋದೆ. ನನಗಿಂತ ಮೊದಲ ಮಾವ ಮೋಸಂಬಿ ತಗೊಂಡು ಹೋಗಿ ಬಂದಿದ್ದ. ನಾ ತಮ್ಮನ ಮಂಚದ ಬಾಜೂಕ ಕುಂತು ಬೊಡ್ಡಿದು, ಹೊಸ್ತಿಲದ್ದು, ಎಲ್ಲಾ ಹೇಳಿದೆ. ನನ್ನಷ್ಟ ಸಿಟ್ಟು ಅವಗೂ ಬರತೈತಿ, ಇಬ್ಬರೂ ಕೂಡಿ ಬೈಯೂನು ಅಂತಿದ್ದೆ.

"ಮಾವ ತಾನ ಎಲ್ಲಾ ಹೇಳಿದ. ಅತ್ತ" ಅಂದ ತಮ್ಮ. "ನೀ ನೋಡಿದ್ದೆಂತ. ಹೌದೇನು?"

"ಹೌದೋ. ಆದ್ರ ಪೂಜಿ ಆಗಿತ್ತು, ಮಾವ ಏನಂದ ಅಂದ್ರ..."

"ಸಾಕು. ಮಾವ ಎಷ್ಟಂದ್ರೂ ಮಾವ. ನೀ ನನ್ನ ಜೋಡಿ ಒಂದ ತಾಟಿನ್ಯಾಗ ಉಂಡಾಂವ."

ಅಷ್ಟಂದು ಗ್ವಾಡಿ ಕಡೆ ಹೊಳ್ಳಿದ. ಭಾಳ ಹೊತ್ತಿನ ಮ್ಯಾಲ ಬಾಯಿ ಒಣಗಿ ನೀರು ಕೇಳಿದ. ನಾ ತಂಬಿಗಿ ಹಿಡಕೊಂಡು ಎದ್ದೆ. ಅವ ನನ್ನ ಕೈ ಸರಿಸಿ ನರ್ಸಬಾಯಿನ ಕೂಗಿದ.