ಡಜನ್ನಿಗೆ ಹತ್ತೇ ರೂಪಾಯಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ನಂಜನಗೂಡಿನ ನಮ್ಮ ಬೀದಿಗೆಲ್ಲ ಗೊತ್ತಿದ್ದ ಈ ವಿಷಯ, ಟಿ. ನರಸೀಪುರದ ಕಡೆಯ ಹಳ್ಳಿ ಶಾಲೆಗೆ ಮೇಡಂ ಆಗಿ ಹೋದ ವಾರದಲ್ಲೇ ಅಲ್ಲಿನ ಮಕ್ಕಳಿಗೂ ಗೊತ್ತಾಯಿತು.

ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು. ಏಳನೇ ಕ್ಲಾಸಿಗೆ ಅನುಪಾತದ ಪಾಠ. ಒಂದರ ಬೆಲೆ ಕೊಟ್ಟರೆ ಹತ್ತರ ಬೆಲೆ ಹೇಳಬೇಕು, ಅಷ್ಟೇ. ಎಷ್ಟು ಬಡಕೊಂಡರೂ ಪುಸ್ತಕದ ಲೆಕ್ಕ ಅವರ ತಲೆಗೆ ಹತ್ತಲಿಲ್ಲ. ನಾನು ಮಹಾ ಜಾಣೆ ನೋಡಿ, ಕ್ಲಾಸಿನಲ್ಲೇ ಸಂತೆ ಮಾಡಿಸಿದೆ. ಕಲ್ಲುಗಳೇ ತೆಂಗಿನಕಾಯಿ, ಹುಣಸೆಬೀಜವೇ ದುಡ್ಡು. ಮಕ್ಕಳು ಕುಣಿದಾಡಿದವು, ನಾನೂ ಹಿಗ್ಗಿದೆ.

ಆಗಲೇ ಇನ್ಸ್‌ಪೆಕ್ಷನ್ನಿಗೆ ಸಾಹೇಬರು ಬಂದರು. ನನ್ನದಿನ್ನೂ ಪ್ರೊಬೇಷನ್ನು. ಪಾಠ ಚೆನ್ನಾಗಿದೆ ಅಂತ ಅವರು ಬರೆದರೆ ಕೆಲಸ ಕಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. 

“ಒಂದು ಬಾಳೆಹಣ್ಣಿಗೆ ಒಂದು ರೂಪಾಯಿ. ಡಜನ್ನಿಗೆ?” ಅಂದರು ಸಾಹೇಬರು.

“ಹತ್ತು ಸಾ!” ಅಂತು ಇಡೀ ಕ್ಲಾಸು.

ಸಾಹೇಬರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

“ಆಯ್ತು, ತೆಂಗಿನಕಾಯಿ ಒಂದಕ್ಕೆ ಐದು. ಎಂಟಕ್ಕೆ?”

ಮುಂದಿನ ಸಾಲಿನ ಹುಡುಗಿ ಎದ್ದಳು. “ಅವ್ರು ನಲವತ್ತು ಅಂತಾರೆ ಸಾ. ನಾವು ಮೂವತ್ತು ಅನ್ಬೇಕು. ಆಗಕಿಲ್ಲ ಅಂದ್ರೆ ಸುಮ್ನೆ ಓಯ್ತಾ ಇರ್ಬೇಕು. ಅವ್ರೇ ಕರೀತಾರೆ.” ಬಾಯಲ್ಲಿ ಹೇಳಿದ್ದು ಸಾಲದೆ ಬಾಗಿಲ ತನಕ ನಡೆದೂ ತೋರಿಸಿದಳು.

“ಬಾರಮ್ಮ ಒಳಗೆ!” ಸಾಹೇಬರು ಮೇಜು ಗುದ್ದಿದರು. ಕರೆದೇಬಿಟ್ಟರಲ್ಲ ಅಂತ ಅವಳು ಗೆದ್ದ ಮುಖ ಮಾಡಿಕೊಂಡು ಬಂದು ಕೂತಳು.

“ಒಂದಕ್ಕೆ ಐದು ಅಂದ್ರೆ ಎಂಟಕ್ಕೆ ನಲವತ್ತೇ! ಲೆಕ್ಕದಲ್ಲಿ ಚೌಕಾಸಿ ಇಲ್ಲ. ಒಂದು ಪೈಸಾನೂ ಬಿಡಂಗಿಲ್ಲ. ಗೊತ್ತಾಯ್ತಾ?”

“ಗೊತ್ತಾಯ್ತು ಸಾ,” ಅಂತು ಕ್ಲಾಸು.

ಸಾಹೇಬರು ಎದ್ದು ಹೊರಟೇಬಿಟ್ಟರು. ನನಗೆ ಅಳುವೇ ಬಂತು. ಅಯ್ಯೋ, ಕ್ಲಾಸಿನಲ್ಲಿ ಸಂತೆ ಮಾಡಿಸು ಅಂತ ನನ್ನನ್ನು ಯಾರಾದರೂ ಅಂಗಲಾಚಿದ್ದರೇ? ತೆಪ್ಪಗೆ ಪುಸ್ತಕ ನೋಡಿ ಪಾಠ ಮಾಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಮಕ್ಕಳನ್ನು ಬೈಯೋಣವೆಂದರೆ ಅವರೆಲ್ಲ ಆಗಲೇ ಕಿಟಕಿಗೆ ಮುತ್ತಿಕೊಂಡು ಜೀಪು ನೋಡುತ್ತಿದ್ದರು. ನಾನೂ ಹೋಗಿ ಹಿಂದೆ ನಿಂತೆ.

ಗೇಟಿನ ಹತ್ತಿರ ಒಬ್ಬ ಅಜ್ಜಿ ಸೀಬೆಹಣ್ಣು ಮಾರುತ್ತಿದ್ದಳು. ಜೀಪು ಹತ್ತಲು ಹೋದ ಸಾಹೇಬರು ಬುಟ್ಟಿಯ ಮುಂದೆ ನಿಂತರು.

“ಎಷ್ಟಮ್ಮ?”

“ಒಂದ್ಕೆ ಎರಡ್ರುಪಾಯಿ ಸ್ವಾಮಿ.”

“ಹತ್ತು ಹಾಕು. ಹದಿನೈದು ತಗೋ.”

ನಾನು ಬಾಯಿ ಮುಚ್ಚಿಸುವಷ್ಟರಲ್ಲಿ ಕಿಟಕಿಯಿಂದ ಇಡೀ ಕ್ಲಾಸು ಗಂಟಲು ಹರಿಯುವಂತೆ ಕಿರುಚಿತು: “ಇಪ್ಪತ್ತು ಸಾ! ಒಂದ್ ಪೈಸಾನೂ ಬುಡಂಗಿಲ್ಲ ಸಾ!”

ಕೆಟ್ಟೆನಲ್ಲಪ್ಪಾ ಅಂದುಕೊಂಡೆ. ಸಾಹೇಬರು ಕಿಟಕಿಯ ಕಡೆ ತಿರುಗಿ ನೋಡಿದರು. ಆಮೇಲೆ ಜೇಬಿಗೆ ಕೈ ಹಾಕಿ ಅಜ್ಜಿಗೆ ಇಪ್ಪತ್ತು ರೂಪಾಯಿ ಕೊಟ್ಟರು. ಜೀಪಿನ ಹತ್ತಿರದಿಂದಲೇ ನನ್ನ ಕಡೆ ನೋಡಿ ಕೂಗಿದರು:

“ಮೇಡಂ, ನಿಮ್ಮ ಮಕ್ಕಳಿಗೆ ಲೆಕ್ಕ ಬರುತ್ತೆ ಅಂತ ಬರೀತೀನಿ. ಮೊದಲು ಆ ಕಿಟಕಿ ಮುಚ್ಚಿ!”